ಎಂಜಿನ್ ನಂಬರಿನ ಮೇಲೆ ಭಂಡಾರ ಬಳಿದವನು ನಾನು

ನಮ್ಮ ಜಿಲ್ಲೆಯ ಮೋಟಾರು ಗಾಡಿಗಳ ನೋಂದಣಿ ಹಾಗೂ ಲೈಸೆನ್ಸಿನ ಅಧಿಕಾರಿಗಳಿಗೆ

ಒಂದು ಸುಳ್ಳನ್ನು ಒಂದೇ ಮಾತಿಗೆ ನಂಬಿ, ಮೂರು ಅರ್ಜಿಗಳಾದರೂ ನಿಜವನ್ನು ನಂಬದಿರುವ ಮಾನ್ಯರೇ,

ದರಿಬಡಚಿಯ ಅಮಸಿದ್ದನ ಡ್ರೈವರ್ ಲೈಸೆನ್ಸನ್ನು ನಿಮ್ಮ ಕಚೇರಿ ಕಸಿದುಕೊಂಡು ಹದಿನಾಲ್ಕು ತಿಂಗಳಾಯಿತು. ಅವನು ಮಾಡದ ತಪ್ಪಿಗೆ. ಮಾಡಿದವನು ನಾನು, ಉಮದಿಯ ವ್ಯಾಪಾರಿ ಶ್ರೀಶೈಲಪ್ಪ. ಇದನ್ನೇ ಮೂರು ಸಲ ಮರಾಠಿಯಲ್ಲಿ ಬರೆದು, ಸ್ಟಾಂಪು ಹಚ್ಚಿ ಕಳಿಸಿದೆ. ಮೊದಲ ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಂದ ಉತ್ತರ ಇದು: ಪ್ರಕರಣ ನಿಕಾಲಿಯಾಗಿ ಮುಗಿದಿದೆ, ತಾವು ಅಂದು ಹೇಳಿದ್ದು ಸುಳ್ಳೆಂಬುದಕ್ಕೆ ಪುರಾವೆ ಇದ್ದಲ್ಲಿ ಹಾಜರುಪಡಿಸುವುದು. ಸುಳ್ಳು ಹೇಳಿದವನೇ ಎದ್ದು ನಿಂತು "ಹೌದು, ಹೇಳಿದೆ" ಎಂದರೆ ಸಾಲದಂತೆ! ಆದ್ದರಿಂದ ನಾಲ್ಕನೆಯದನ್ನು ಕನ್ನಡದಲ್ಲಿ, ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಮ್ಮ ಕಡೆಯ ಮಂದಿ ಓದಲಿ. ನನ್ನ ಮಾನ ಹೋಗುತ್ತದೆ ಎಂದು ಮನೆಯವರು ಅಂಜುತ್ತಾರೆ. ಹೋಗಬೇಕಾದದ್ದು ಹೋಗಲಿ.

ನನ್ನ ಹತ್ತಿರ ಒಂದು ಪಿಕಪ್ಪು ಗಾಡಿ ಇದೆ. ಲಡಾಯಿಗೆ ಮೊದಲಿನ ಮಾಡೆಲ್ಲು. ಮುಂದೆ ಮೂವರು ಕೂಡುವಷ್ಟು ಜಾಗ, ಹಿಂದೆ ಮಾಲು ಹೇರಲು ತೆರೆದ ತೊಟ್ಟಿ. ಲಡಾಯಿ ಮುಗಿದ ಮೇಲೆ ಮಿಲಿಟರಿಯವರ ಹರಾಜಿನಲ್ಲಿ ಹಿಡಿದದ್ದು. ಉಮದಿಯ ಕುಸುಬಿ, ಶೇಂಗಾ ಹೇರಿಕೊಂಡು ವಿಜಾಪುರದ ಪೇಟೆಗೆ ಹೋಗಿ ಬರುತ್ತಿತ್ತು. ನಡೆಸುತ್ತಿದ್ದವನು ಅಮಸಿದ್ದ. ಕುರಿ ಕಾಯುವ ಮನೆತನದವನು. ಲಡಾಯಿ ಕಾಲಕ್ಕೆ ಪಲಟಣಿ ಸೇರಿ ಲಾರಿ ಬಿಡುವುದನ್ನೂ ಬಿಚ್ಚಿ ಕೂಡಿಸುವುದನ್ನೂ ಕಲಿತು ಬಂದಿದ್ದ. ಸಪ್ಪಳ ಕೇಳಿಯೇ ಎಂಜಿನ್ನಿಗೆ ಏನಾಗಿದೆ ಎಂದು ಹೇಳುತ್ತಿದ್ದ. ಒಂಬತ್ತು ವರ್ಷ ನನ್ನ ಗಾಡಿ ನಡೆಸಿದ. ಒಂದು ಕೋಳಿಗೂ ಹಾಯಿಸಲಿಲ್ಲ.

ಐವತ್ತಾರರ ಬೇಸಿಗೆ. ಸಂಖದಿಂದ ಬರುವಾಗ ದಿನ್ನೆಯ ಮೇಲೆ ಗಾಡಿ ಕುದಿದು ನಿಂತಿತು. ಅಮಸಿದ್ದ ಬಾನೆಟ್ ಎತ್ತಿಟ್ಟು, "ಸಾವಕಾರ್ರ, ಆರಲಿ ತಡೀರಿ. ಕಾದ ಎಂಜಿನ್ನಿಗಿ ತಣ್ಣೀರ ಹಾಕಬ್ಯಾಡ್ರಿ, ಒಡೀತೈತಿ" ಎಂದು ಹೇಳಿ, ನೆರಳಿಗೆ ಹೋಗಿ ಕುಳಿತ. ನನಗೆ ಪೇಟೆ ಮುಗಿದೀತೆಂಬ ಅವಸರ. ಗಾಡಿ ನನ್ನದಲ್ಲವೇ, ಇವನೇನು ನನಗೆ ಹೇಳುವುದು ಎಂಬ ಸೊಕ್ಕು ಬೇರೆ. ಬಾವಿಯಿಂದ ತಂದ ಕೊಡದ ನೀರನ್ನು ಪೂರಾ ಸುರಿದೆ. ಟಣ್ಣೆಂದು ಸಪ್ಪಳವಾಯಿತು. ಎಂಜಿನ್ನಿನ ಬ್ಲಾಕು ಒಂದು ಗೇಣು ಬಿರಿದಿತ್ತು. ಅವನು ಬಂದು ನೋಡಿದ. ಬಾನೆಟ್ ಇಳಿಸಿದ. ಊರವರಿಗೆ ಮಾತ್ರ ನಾನು ಹೇಳಿದ್ದೇನೆಂದರೆ, ಎಂಜಿನ್ನು ಹಳೆಯದಾಗಿತ್ತು, ತಾನೇ ಒಡೆಯಿತು. ಸುಳ್ಳಿನ ಬೋಣಿ ಅಲ್ಲಿಂದಲೇ ಆಯಿತು.

ಆ ಮಾಡೆಲ್ಲಿನ ಎಂಜಿನ್ನು ಎಲ್ಲಿಯೂ ಸಿಗಲಿಲ್ಲ. ಸೋಲಾಪುರದ ಗುಜರಿಯಲ್ಲಿ ಬೇರೆ ಕಂಪನಿಯ ಮಿಲಿಟರಿ ಲಾರಿಯ ಎಂಜಿನ್ನು ಸಿಕ್ಕಿತು. ನಮ್ಮ ಗಾಡಿಗೆ ಅದು ಒಂದೂವರೆ ಗೇಣು ಉದ್ದ. "ಕುಂದ್ರಂಗಿಲ್ಲೋ" ಎಂದೆ. "ಕುಂದ್ರಸ್ತೀನ್ರಿ" ಎಂದ. ನಮ್ಮ ಹಿತ್ತಲ ಬೇವಿನ ಟೊಂಗೆಗೆ ಸರಪಳಿ ಕಟ್ಟಿ, ಹಳೆಯದನ್ನು ಎತ್ತಿ ಇಳಿಸಿದ. ರೇಡಿಯೇಟರನ್ನು ಮುಂದಕ್ಕೆ ಸರಿಸಿದ. ಬಂಡಿಯ ಗಾಲಿಯ ಕಬ್ಬಿಣದ ಪಟ್ಟಿ ಕಾಯಿಸಿ ಬಡಿಸಿ, ಎಂಜಿನ್ನು ಕೂಡಲು ಹೊಸ ಕಾಲು ಮಾಡಿಸಿದ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ತೂತುಗಳು ಹೊಂದಲಿಲ್ಲ; ರಟ್ಟಿನ ಮೇಲೆ ಎರಡರ ಅಳತೆಯನ್ನೂ ಒತ್ತಿಕೊಂಡು, ವಿಜಾಪುರಕ್ಕೆ ಹೋಗಿ ನಡುವೆ ಕೂಡುವ ದಪ್ಪ ತಗಡು ಕೊರೆಸಿ ತಂದ. ಇಪ್ಪತ್ತೆರಡು ದಿನ ಹಿಡಿಯಿತು. ಇಪ್ಪತ್ಮೂರನೆಯ ದಿನ ಗಾಡಿ ಗುರ್ರೆಂದಿತು. ಅಂದಿನ ಅವನ ಮುಖ ನೀವು ನೋಡಬೇಕಾಗಿತ್ತು.

ನಮ್ಮ ಕಡೆ ಹೊಸ ಕೂರಿಗೆಗೆ, ಹೊಸ ಬಾವಿಗೆ, ಕುರಿ ಹಿಂಡಿಗೆ ಕುರುಬರ ದೇವರು ಅಮೋಗಸಿದ್ದನ ಭಂಡಾರ ಹಾಕುತ್ತಾರೆ. ಭಂಡಾರವೆಂದರೆ ದೇವರ ಅರಿಷಿಣ ಪುಡಿ. ಹಾಕಿದ ಮೇಲೆ ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಅಮಸಿದ್ದ ಗಾಡಿಯನ್ನು ಮೊದಲು ಗುಡಿಗೆ ಒಯ್ದು, ಎಂಜಿನ್ನಿಗೆ ಒಂದು ಚಿಟಿಕೆ ಹಾಕಿಸಿಕೊಂಡು ಬಂದ. ಬಂದವನೇ, "ಗಾಡಿ ಪುಸ್ತಕದಾಗ ಹೊಸಾ ಎಂಜಿನ್ ನಂಬರ್ ಬರಸ್ರಿ ಸಾವಕಾರ್ರ, ಲಗೂನ ಅರ್ಜಿ ಹಾಕ್ರಿ" ಎಂದ. ಹಾಕಿದರಾಯಿತು ಎಂದೆ. ಮತ್ತೆ ಹೇಳಿದ. ನಾಳೆ ಎಂದೆ. ಆಗ ನಾನು ಹೊಸ ಪರ್ಮಿಟ್ಟಿಗೆ ಬರೆದುಕೊಂಡಿದ್ದೆ. ಎಂಜಿನ್ನು ಬದಲಾಯಿತೆಂದರೆ ಗಾಡಿಯನ್ನು ನಿಲ್ಲಿಸಿ ತಪಾಸಣೆ ಮಾಡುತ್ತಾರೆ, ಸುಗ್ಗಿ ಕೈತಪ್ಪುತ್ತದೆ ಎಂಬುದು ನನ್ನ ಲೆಕ್ಕ.

ವರ್ಷದ ಪಾಸಿಂಗಿನ ದಿನ ಬಂತು. ನಿಮ್ಮ ತಪಾಸಣೆಯವರು ಜತ್ತಕ್ಕೆ ಬಂದಿದ್ದರು. ಅಂದು ಬೆಳಿಗ್ಗೆ ಅಮಸಿದ್ದ ನೀರು ತರಲು ಹೋದಾಗ, ನಾನು ದೇವರ ಮಾಡದಲ್ಲಿದ್ದ ಭಂಡಾರದ ಚೀಲ ತಂದೆ. ಒಂದು ಹಿಡಿ ಭಂಡಾರಕ್ಕೆ ಗಾಡಿಯ ಎಣ್ಣೆ ಕಲಸಿ, ಎಂಜಿನ್ನಿನ ನಂಬರಿನ ಮೇಲೆ ಬೆರಳು ದಪ್ಪ ಬಳಿದೆ. ಶಿವನೇ, ಈ ಕೈಯಿಂದಲೇ ದಿನಾ ಲಿಂಗಪೂಜೆ ಮಾಡುತ್ತೇನೆ. ತಪಾಸಣೆಯವರು ಬಾನೆಟ್ ಎತ್ತಿದರು, ಬಗ್ಗಿದರು, ಕೈ ಹಿಂದೆ ತೆಗೆದರು. "ದೇವಾಚಂ ಆಹೆ, ರಾಹೂ ದ್ಯಾ" ಎಂದರು. ದೇವರದು, ಇರಲಿ ಬಿಡಿ. ಹಳೆಯ ಪುಸ್ತಕ ನೋಡಿ ಹಳೆಯ ನಂಬರನ್ನೇ ಬರೆದುಕೊಂಡು ಸಹಿ ಹಾಕಿದರು. ಭಕ್ತಿವಂತ ಮನುಷ್ಯರು, ಅವರನ್ನು ನಾನು ದೂರುವುದಿಲ್ಲ. ಅವರ ಭಕ್ತಿಯ ಮೇಲೆಯೇ ನಾನು ನನ್ನ ಗಾಡಿ ಪಾಸು ಮಾಡಿಸಿಕೊಂಡೆ.

ಅಷ್ಟರಲ್ಲಿ ರಾಜ್ಯಗಳು ಬೇರೆಯಾದವು. ವಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮುಂಬಯಿ ರಾಜ್ಯದಲ್ಲೇ ಉಳಿದೆವು. ನಮ್ಮ ಹಳೆಯ ದಾರಿಯ ನಡುವೆ ನಾಕಾ ಬಂತು. ಒಂದು ದಿನ ಅಲ್ಲಿ ನಿಮ್ಮ ಇಲಾಖೆಯ ಸಾಹೇಬರೊಬ್ಬರು ನಿಂತಿದ್ದರು. ಅವರು ದೇವರಿಗೆ ಅಂಜುವವರಲ್ಲ. ಚಿಂದಿಯನ್ನು ರಾಕೇಲಿನಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದರು. ನಂಬರು ಬಂತು, ಪುಸ್ತಕಕ್ಕೆ ತಾಳೆಯಾಗಲಿಲ್ಲ. ಕಳವಿನ ಎಂಜಿನ್ನೇ ಎಂದು ಗದರಿ, "ಇದನ್ನು ಬಳಿದವರು ಯಾರು?" ಎಂದು ಕೇಳಿದರು. ಸುತ್ತ ನಾಲ್ಕು ಬಂಡಿಯ ಮಂದಿ ನಿಂತಿದ್ದರು. ಅಮಸಿದ್ದ ನನ್ನ ಮುಖ ನೋಡಿದ. ನಾನು ಹೇಳಿದೆ: "ಡ್ರೈವರ ಹಚ್ಯಾನ್ರಿ ಸಾಹೇಬರ. ಕುರುಬರಾಂವ ಅದಾನ, ಅವರ ದೇವರ ಭಂಡಾರ. ನನಗೇನ ಗೊತ್ತಿಲ್ರಿ." ಅವರು ಬರೆದರು. ನಾನು ಸಹಿ ಮಾಡಿದೆ.

ಈಗ ನಿಮ್ಮ ಪಾಲಿನ ಮಾತಿಗೆ ಬರುತ್ತೇನೆ. ಗಾಡಿ ನನ್ನದು. ಪುಸ್ತಕ ನನ್ನ ಹೆಸರಿನದು. ಪಾಸಿಂಗಿನಲ್ಲಿ ಕೈಕಟ್ಟಿ ನಿಂತವನು ನಾನು. ನಂಬರು ಮುಚ್ಚಿದ್ದರಿಂದ ಡ್ರೈವರಿಗೆ ಏನು ಸಿಗುತ್ತಿತ್ತು? ನಿಮ್ಮ ಕಚೇರಿಯಲ್ಲಿ ಇಷ್ಟು ಮೇಜುಗಳಿವೆಯಲ್ಲ, ಅವುಗಳಲ್ಲಿ ಒಂದಕ್ಕಾದರೂ ಈ ಪ್ರಶ್ನೆ ಹೊಳೆಯಲಿಲ್ಲವೇ? ಅಥವಾ ನನ್ನ ತಲೆಯ ಮೇಲೆ ರುಮಾಲು, ಅವನ ಹೆಗಲ ಮೇಲೆ ಕಂಬಳಿ ಇದ್ದದ್ದೇ ಪುರಾವೆಯಾಯಿತೇ? ನಾನು ಹಾಗೆಂದೇ ನಂಬಿ ಸುಳ್ಳು ಹೇಳಿದೆ. ನೀವು ನನ್ನ ನಂಬಿಕೆಯನ್ನು ಉಳಿಸಿದಿರಿ. ಸೋಲಾಪುರದ ಗುಜರಿಯ ಚೀಟಿ ತೋರಿಸಿದ ಹದಿನೈದು ದಿನಕ್ಕೆ ಎಂಜಿನ್ನು ಕಳವಿನದಲ್ಲವೆಂದು ಒಪ್ಪಿ, ಹೊಸ ನಂಬರನ್ನು ಪುಸ್ತಕಕ್ಕೆ ಏರಿಸಿ, ಶಿಕ್ಕಾ ಒತ್ತಿ ಕೊಟ್ಟಿರಿ. ಎಂಜಿನ್ನಿಗೆ ಮಾಫಿಯಾಯಿತು. ಅದನ್ನು ಕೂಡಿಸಿದ ಮನುಷ್ಯನಿಗೆ ಆಗಲಿಲ್ಲ. ತಪಾಸಣೆಗೆ ಮೋಸ ಮಾಡಿದನೆಂದು ಅವನ ಲೈಸೆನ್ಸು ರದ್ದು! ಕಬ್ಬಿಣಕ್ಕೆ ಇಷ್ಟು ನ್ಯಾಯ ಕೊಡಬಲ್ಲ ಕಚೇರಿಗೆ ಮನುಷ್ಯನ ವಿಷಯದಲ್ಲಿ ಏಕೆ ಇಷ್ಟು ಬಡತನ?

ಅಮಸಿದ್ದ ಈಗ ತಮ್ಮಂದಿರ ಕುರಿಗಳ ಹಿಂದೆ ಹೋಗುತ್ತಾನೆ. ಕುರಿ ಕಾಯುವುದರಲ್ಲಿ ಅವಮಾನವಿಲ್ಲ, ಅದು ಅವನ ಹಿರಿಯರ ಕೆಲಸ. ಆದರೆ ಸಂತೆಗೆ ಬಂದರೆ ಮಂದಿ ಅವನನ್ನು ಎಂಜಿನ್ ಕಳ್ಳ ಎನ್ನುತ್ತಾರೆ, ಅದು ಅವಮಾನ. ಅವನ ಕಡೆಯಿಂದಲೂ ಒಂದು ಅರ್ಜಿ ಹಾಕಿಸೋಣವೆಂದು ಹೋದ ತಿಂಗಳು ದರಿಬಡಚಿಗೆ ಹೋದೆ. ಅವನ ಹೆಂಡತಿ ಚನ್ನವ್ವ ಕಂಬಳಿ ಹಾಸಿ, "ಕುಂದ್ರಿ" ಎಂದು ನೀರು ಕೊಟ್ಟಳು. ನಾನು ತಪ್ಪಾಯಿತೆಂದು ಹೇಳಿದೆ. ಅಮಸಿದ್ದ ನನ್ನ ಕೈ ನೋಡಿದ.

"ನೀವ ಬಳದೀರಿ ಅಂತ ಪಾಸಿಂಗಿನ ದಿನಾನ ಗೊತ್ತಿತ್ರಿ ನನಗ. ನಿಮ್ಮ ಉಗರಾಗ ಅರಿಷಿಣ ಇತ್ತು" ಎಂದ.

"ಮತ್ತ ನಾಕಾದಾಗ ಯಾಕ ಹೇಳಲಿಲ್ಲೋ?"

"ನೀವ ಹೇಳ್ತೀರಿ ಅಂತ ದಾರಿ ನೋಡಿದ್ನಿರಿ."

ನಾನು ಅಲ್ಲಿಯೇ ಅತ್ತುಬಿಟ್ಟೆ. ಪೇಪರಿನಲ್ಲಿ ಬರೆದು ಎಲ್ಲರಿಗೂ ತಿಳಿಸುತ್ತೇನೆ ಎಂದೆ. ಚನ್ನವ್ವ ಸೆರಗು ಸರಿಪಡಿಸಿಕೊಂಡು, "ಪೇಪರ ಓದವ್ರು ನಮ್ಮೂರಾಗ ಎಷ್ಟ ಮಂದಿ ಅದಾರ್ರಿ? ಕಳ್ಳ ಅನ್ನವ್ರು ಸಂತ್ಯಾಗ ಅಂತಾರ. ಸಂತ್ಯಾಗ ನಿಂತ ಹೇಳ್ರಿ" ಎಂದಳು.

ಕಳೆದ ಸಂತೆಯ ದಿನ ಉಮದಿಯಲ್ಲಿ, ಕುಸುಬಿಯ ರಾಶಿಗಳ ನಡುವೆ, ನನ್ನ ಪಿಕಪ್ಪಿನ ತೊಟ್ಟಿಯ ಮೇಲೆ ಹತ್ತಿ ನಿಂತೆ. ರುಮಾಲು ತೆಗೆದೆ. ನೀರು ಸುರಿದದ್ದರಿಂದ ಹಿಡಿದು ಸಹಿ ಮಾಡಿದ್ದರವರೆಗೆ ಎಲ್ಲವನ್ನೂ ಹೇಳಿದೆ. ನಗುತ್ತಾರೆ, ಥೂ ಎನ್ನುತ್ತಾರೆ ಎಂದುಕೊಂಡಿದ್ದೆ. ಯಾರೂ ಪುರಾವೆ ಕೇಳಲಿಲ್ಲ, ಮಾನ್ಯರೇ. ಉಣ್ಣೆ ಮಾರುವ ಮುದುಕಿ ಗುರವ್ವ ಒಬ್ಬಳೇ ಮುಂದೆ ಬಂದು, "ಆತು ತಗೋ ಯಪ್ಪಾ, ನಿಂದ ನೀ ಹೇಳಿದಿ. ಅವನ ಲಾಸೆನ್ಸ ಯಾವಾಗ ಬರತೈತಿ?" ಎಂದು ಕೇಳಿದಳು. ರುಮಾಲು ಕೈಯಲ್ಲೇ ಹಿಡಿದು ತೊಟ್ಟಿಯಿಂದ ಇಳಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅಮಸಿದ್ದನ ಲೈಸೆನ್ಸನ್ನು ಅವನ ಕೈಗೆ ಮರಳಿಸಿ. ಅವನು ತಪ್ಪಿತಸ್ಥನಲ್ಲವೆಂದು ಶಿಕ್ಕಾ ಒತ್ತಿದ ಕಾಗದ ಕೊಡಿ. ನನ್ನ ಮೇಲೆ ಖಟ್ಲೆ ಹೂಡಿ, ಪರ್ಮಿಟ್ಟು ಕಿತ್ತುಕೊಳ್ಳಿ, ವಕೀಲರನ್ನು ಹಿಡಿಯುವುದಿಲ್ಲ. ಇದಕ್ಕೂ ಪುರಾವೆ ಸಾಲದಿದ್ದರೆ ತಾವೇ ಒಂದು ಸಂತೆಯ ದಿನ ಉಮದಿಗೆ ಬನ್ನಿ. ಗುರವ್ವ ಉಣ್ಣೆಯ ಗಂಟು ಇಟ್ಟುಕೊಂಡು ಕುಳಿತಿರುತ್ತಾಳೆ. ಅವಳಿಗೆ ಉತ್ತರ ತಾವೇ ಹೇಳಿ. ನನಗೆ ಆಗಲಿಲ್ಲ.

ಇಂತಿ,
ಸುಳ್ಳು ಹೇಳಿದ ದಿನ ಮಾತ್ರ ತಮ್ಮ ಕಚೇರಿಯ ವಿಶ್ವಾಸಕ್ಕೆ ಪಾತ್ರನಾಗಿದ್ದ
ಶ್ರೀಶೈಲಪ್ಪ
ಉಮದಿ, ತಾಲೂಕು ಜತ್ತ, 1958