ಅತ್ತೆಯ ಕೆಮ್ಮು ನಿಂತದ್ದು

ಧಾರವಾಡ, ೧೪ ಡಿಸೆಂಬರ್ ೧೯೩೬, ಸೋಮವಾರ ರಾತ್ರಿ

ಇಂದು ನನ್ನ ಗಂಡನನ್ನು ಹೊಡೆದೆ.

ಅತ್ತೆಯ ಕೆಮ್ಮಿಗೆ ಇದು ಮೂರನೆಯ ವಾರ. ಹಗಲೆಲ್ಲ ಸುಮ್ಮನಿದ್ದದ್ದು ಮಲಗಿದ ಕೂಡಲೇ ಏಳುತ್ತದೆ. ಎರಡು ದಿಂಬು ಕೊಟ್ಟು ತಲೆ, ಬೆನ್ನು ಎತ್ತರದಲ್ಲಿಡಿ ಎಂದು ಡಾಕ್ಟರು ಹೇಳಿದ್ದರು. ಇವರಿಗೆ ಮಾತ್ರ ತಮ್ಮ ನಿದ್ದೆಯದೇ ಚಿಂತೆ.

ಬಿಸಿನೀರಿಗೆ ಜೇನುತುಪ್ಪ ಕಲಸುತ್ತ ಅಡಿಗೆಮನೆಯಲ್ಲಿದ್ದೆ. "ಸಾಯೂದೂ ಇಲ್ಲ, ಮಲಗಗೊಡೂದೂ ಇಲ್ಲ" ಎಂದು ಇವರು ಒದರಿದ್ದು ಕೇಳಿಸಿತು. ಆಮೇಲೆ ಕೆಮ್ಮು ಥಟ್ಟನೆ ನಿಂತಿತು. ಕೈಗೆ ಸಿಕ್ಕ ಲಟ್ಟಣಿಗೆ ಹಿಡಿದು ಓಡಿದೆ. ತಲೆಯ ಕೆಳಗಿನ ದಿಂಬನ್ನೇ ಎಳೆದು ತಾಯಿಯ ಬಾಯಿಗೆ ಒತ್ತಿ ಹಿಡಿದಿದ್ದರು. ಆಕೆಯ ಕಾಲುಗಳು ಹಾಸಿಗೆಯನ್ನು ಒದೆಯುತ್ತಿದ್ದವು.

"ಬಿಡ್ರಿ" ಎಂದೆ. ಬಿಡಲಿಲ್ಲ. ಮಣಿಕಟ್ಟಿನ ಮೇಲೆ ಹೊಡೆದೆ. ಎರಡನೆಯ ಏಟಿಗೆ ಎಲುಬು ಮುರಿದ ಸದ್ದಾಯಿತು, ದಿಂಬು ಬಿತ್ತು. ಆದರೂ ಮೂರನೆಯದು ಹಾಕಿದೆ. ಹಾಕಿದಾಗ ಹಿತವೆನಿಸಿತು. ಅದನ್ನು ಯಾರ ಮುಂದೆಯೂ ಹೇಳಲಾರೆ.

ಅತ್ತೆಯನ್ನು ಗೋಡೆಗೆ ಒರಗಿಸಿ ಕೂಡಿಸಿ, ಗುಟುಕು ಗುಟುಕಾಗಿ ಜೇನುನೀರು ಕುಡಿಸಿದೆ. ಉಸಿರು ತಿರುಗಿದ ಮೇಲೆ ಆಕೆ ಆಡಿದ ಮೊದಲ ಮಾತು:

"ಸುಲಭಾ, ಅವನ ಕೈಗೆ ಭಾಳ ಪೆಟ್ಟಾತೇನು? ಹೋಗಿ ನೋಡು."

"ನಿಮ್ಮನ್ನ ಕೊಲ್ಲಲಿಕ್ಕೆ ಬಂದಿದ್ರಲ್ರೀ, ಅತ್ತೆವ್ರ."

"ನಿದ್ದಿಗೆಟ್ಟಾನ, ಪಾಪ. ನೀ ಹೊಡೀಬಾರದಿತ್ತು."

ನಾನು ಹೋಗಲಿಲ್ಲ. ಇವರು ಪಡಸಾಲೆಯಲ್ಲಿ ನರಳುತ್ತಿದ್ದಾರೆ. ಅತ್ತೆಗೆ ಕೂತಲ್ಲೇ ನಿದ್ದೆ ಹತ್ತಿದೆ. ಬೆಳಗಾದ ಮೇಲೆ ತಾಯಿ, ಮಗ ಒಂದಾಗುತ್ತಾರೆ. ಆಗ ನಾನು ಈ ಮನೆಯಲ್ಲಿ ಗಂಡನ ಕೈ ಮುರಿದವಳು, ಅಷ್ಟೇ.