ಮರವಂತೆಯ ಅಡುಗೆಮನೆಗೆ ಮಾನ್ಯತೆ ಇಲ್ಲವೇ?

ವಾಸ್ತುಶಿಲ್ಪಿಗಳ ಕಡ್ಡಾಯ ತರಬೇತಿಯ ಉಸ್ತುವಾರಿ ಹೊತ್ತ ಮಾನ್ಯರೇ,

ತರಬೇತಿಯ ನಡುವೆ ಅನುಮತಿಯಿಲ್ಲದೆ ಎದ್ದುಹೋದೆನೆಂದು ನನಗೆ ಗೈರುಹಾಜರಿ ಹಾಕಿದ್ದೀರಿ. ಹೀಗಾದರೆ ನನ್ನ ನೋಂದಣಿ ನವೀಕರಣವಾಗದು ಎಂದೂ ಎಚ್ಚರಿಸಿದ್ದೀರಿ. ಎದ್ದುಹೋದದ್ದು ನಿಜ. ಎಲ್ಲಿಗೆ ಎಂದು ಮಾತ್ರ ತಾವು ಕೇಳಲಿಲ್ಲ. ಆದ್ದರಿಂದ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ಪರವಾನಗಿ ಉಳಿಯಬೇಕಾದರೆ ನಾವು ಆಗಾಗ ಹೊಸದನ್ನು ಕಲಿಯುತ್ತಿರಬೇಕು ಎಂಬ ನಿಯಮಕ್ಕೆ ನನ್ನ ತಕರಾರಿಲ್ಲ. ಆದರೆ ಈ ಸಲ ಸೀಟು ಉಳಿದಿದ್ದ ಏಕೈಕ ಆನ್‌ಲೈನ್ ತರಗತಿಯ ವಿಷಯ, ಹಿಮ ಬೀಳುವ ಪ್ರದೇಶದಲ್ಲಿ ಮನೆಯನ್ನು ಬೆಚ್ಚಗಿಡುವುದು. ಕುಂದಾಪುರದಲ್ಲಿ ಮಳೆ ಹಿಡಿಯುವ ಮೊದಲಿನ ಸೆಕೆ. ಫ್ಯಾನಿನಡಿ ಬೆವರೊರೆಸಿಕೊಳ್ಳುತ್ತ, ಗೋಡೆಗೆ ಉಣ್ಣೆ ಹೊದಿಸುವ ಕ್ರಮವನ್ನು ಶ್ರದ್ಧೆಯಿಂದ ಕೇಳುತ್ತಿದ್ದೆ. ಆಗ ಮರವಂತೆಯಿಂದ ಕುಸುಮಾವತಿ ಅಕ್ಕ ಫೋನು ಮಾಡಿದರು. ಅವರ ಮನೆ ರಿಪೇರಿಗೆ ನಕ್ಷೆ ಮಾಡುತ್ತಿದ್ದವಳು ನಾನೇ.

"ಸೌಮ್ಯಾ, ಸಮುದ್ರ ಅಡ್ಗಿಕೋಣಿ ಬುಡಕ್ಕೆ ಬಂತ್. ಬೇಗ ಬಾ ಮಾರಾಯ್ತಿ!"

ತರಗತಿಯನ್ನು ಫೋನಿನಲ್ಲಿ ಹಾಕಿಕೊಂಡೇ ಸ್ಕೂಟರಿನಲ್ಲಿ ಮರವಂತೆಗೆ ಧಾವಿಸಿದೆ. ಅಡುಗೆಮನೆಯ ಅಡಿಪಾಯದ ಕೆಳಗೆ ಮರಳೇ ಇರಲಿಲ್ಲ. ಅದು ಬೀಳುವುದು ಖಂಡಿತ. ನನ್ನ ಹೆದರಿಕೆ ಬೇರೆ: ಅದರ ಹೆಂಚಿನ ಮಾಡನ್ನು ಅಕ್ಕನವರು ವಾಸವಿದ್ದ ದೊಡ್ಡಮನೆಯ ಮಾಡಿಗೇ ಜೋಡಿಸಿದ್ದರು. ಬೀಳುವಾಗ ಆ ಮನೆಯನ್ನೂ ಎಳೆದುಕೊಂಡು ಹೋಗುತ್ತಿತ್ತು. ನಡುವಿನ ಮರದ ತೊಲೆಗಳನ್ನು ಈಗಲೇ ಕೊಯ್ದು ಎರಡನ್ನೂ ಬೇರ್ಪಡಿಸಬೇಕು ಎಂದೆ.

ಅಕ್ಕನ ಮಗ ಉಮಾನಾಥ ನಿಂತಲ್ಲೇ ನಿಂತ. "ಅಮ್ಮನ ಅಡ್ಗಿಕೋಣಿ ನಾವೇ ಕಡ್ದ್ ಬಿಸಾಡುದಾ?"

ಅಕ್ಕ ಒಲೆಯ ಕಡೆ ಒಮ್ಮೆ ನೋಡಿದರು. "ಕಡಿ" ಎಂದರು.

ಊರಿನ ಬಡಗಿ ಐತ ಎಂಬವನು ಮಾಡಿನ ಮೇಲೆ ಹತ್ತಿ ಗರಗಸ ಹಾಕಿದಾಗಲೂ ನನ್ನ ಕಿಸೆಯ ಫೋನು ಪಾಠ ಹೇಳುತ್ತಲೇ ಇತ್ತು.

"ಅವ್ರ್ ಹೇಳುದ್ ಎಂತ?" ಅಕ್ಕ ಕೇಳಿದರು.

"ಮನಿ ಬೆಚ್ಚಗ್ ಇಡುದ್ ಹ್ಯಾಂಗ್ ಅಂದ್."

"ಮೊದ್ಲ್ ಮನಿ ಉಳಿಲಿ ಅಂದ್ ಹೇಳ್ ಅವ್ರಿಗೆ!"

ತರಗತಿಯನ್ನು ಬಂದ್ ಮಾಡಿದೆ. ತಾವು ಹೇಳುವ 'ಅನಧಿಕೃತ ನಿರ್ಗಮನ' ಇದೇ. ಸಂಜೆಯ ಉಬ್ಬರಕ್ಕೆ ಅಡುಗೆಮನೆ ಒಂದೇ ಸದ್ದಿಗೆ ಕಡಲಿಗಿಳಿಯಿತು. ದೊಡ್ಡಮನೆ ನಿಂತಿತು. ಅಕ್ಕ ಅತ್ತರು, ಆಮೇಲೆ ಜಗಲಿಯಲ್ಲಿ ಸ್ಟವ್ ಹಚ್ಚಿ ಎಲ್ಲರಿಗೂ ಚಾ ಮಾಡಿದರು.

ಈ ಕೆಲಸವನ್ನೇ ಕಲಿಕೆಯೆಂದು ಪರಿಗಣಿಸಿ ಎಂದು ಫೋಟೊ ಸಮೇತ ಕೋರಿದೆ. ಕಡಲ್ಕೊರೆತ ಅನುಮೋದಿತ ವಿಷಯವಲ್ಲ ಎಂದು ಉತ್ತರಿಸಿದಿರಿ. ಸಂತೋಷ. ಹಿಮಕ್ಕೆ ತಮ್ಮ ಅನುಮೋದನೆ ಸಿಕ್ಕಿದೆ, ಸಮುದ್ರಕ್ಕೆ ಇನ್ನೂ ಸಿಕ್ಕಿಲ್ಲ. ಅದು ಯಾವ ಕೌಂಟರಿನಲ್ಲಿ ಅರ್ಜಿ ಹಾಕಬೇಕು, ಸ್ವಾಮಿ?

ನನ್ನ ಆಗ್ರಹ ಇಷ್ಟೇ. ಗೈರುಹಾಜರಿ ರದ್ದು ಮಾಡಿ. ಮುಂದಿನ ಮಳೆಗಾಲಕ್ಕೆ ಮೊದಲು ಬಲ್ಲವರೊಬ್ಬರನ್ನು ಕರೆಸಿ, ಬೈಂದೂರಿನಿಂದ ಹಂಗಾರಕಟ್ಟೆಯವರೆಗೆ ಮನೆ ಕಟ್ಟಿಸುವ ನಮಗೆಲ್ಲ ಕಡಲ್ಕೊರೆತದ ಪಾಠ ಮಾಡಿಸಿ. ಕುಸುಮಾವತಿ ಅಕ್ಕ ಹೊಸ ಅಡುಗೆಮನೆ ಕಟ್ಟಿಸಲು ಹೊರಟಿದ್ದಾರೆ. "ಕಡ್ಲಿಂದ ಎಷ್ಟ್ ಹಿಂದ್ ಕಟ್ರೆ ಸಾಕ್?" ಎಂದು ಕಂಡಾಗೆಲ್ಲ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಅದನ್ನು ನನಗೆ ಯಾರೂ ಕಲಿಸಿಲ್ಲ.

ಇಂತಿ,
ಹಿಮದ ವಿಷಯದಲ್ಲಿ ಅರ್ಧ ಪಂಡಿತೆ,
ಸೌಮ್ಯಶ್ರೀ
ವಾಸ್ತುಶಿಲ್ಪಿ (ಸದ್ಯಕ್ಕೆ), ಕುಂದಾಪುರ