ಹೊಗೆಗೆ ಹಾಕಿದ ಅಂಗಿ

1387, ವಿಲ್ನಿಯಸ್. ಹಿಮ ಇನ್ನೂ ಕರಗಿಲ್ಲ.

ಇಂದು ನಮ್ಮ ಗುಂಪಿಗೆಲ್ಲ ಕ್ರೈಸ್ತ ದೀಕ್ಷಾಸ್ನಾನ ಮಾಡಿಸಿ ಒಂದೇ ಹೆಸರಿಟ್ಟರು, ಪೇತ್ರ. ಒಂದೊಂದು ಬಿಳಿ ಅಂಗಿಯನ್ನೂ ಕೊಟ್ಟರು.

ರಿಮ್ಗೈಲೆ, ನಿನ್ನ ತಮ್ಮ ಮಂತ್ವಿಲ ನಗುತ್ತಿದ್ದ. "ಶಿಲುಬೆ ಹೆಸರಲ್ಲಿ ನಮ್ಮೂರು ಸುಡೋ ಜರ್ಮನ್ನರಿಗೆ ಇನ್ನು ನೆಪಾನೇ ಇಲ್ಲ ಭಾವ! ಮತ ಬದಲಿಸಿದ್ದಕ್ಕೆ ದೊರೆಗೆ ಪೋಲೆಂಡಿನ ರಾಣೀನೂ ಸಿಕ್ಳು, ಸಿಂಹಾಸನಾನೂ ಸಿಕ್ತು. ನಮಗೆ ಅಂಗಿ!"

ದೊರೆಯ ಲೆಕ್ಕಾಚಾರ ತಪ್ಪಲ್ಲ. ಇದನ್ನೇ ಮೊದಲು ಮಾಡಿದ್ದರೆ ನೀನು ಆ ಜರ್ಮನ್ನರ ಕತ್ತಿಗೆ ಸಿಗುತ್ತಿರಲಿಲ್ಲ.

ಆದರೆ ಇನ್ನು ಸತ್ತವರನ್ನು ಸುಡುವಂತಿಲ್ಲವಂತೆ, ಹೂಳಬೇಕಂತೆ. ನೀನು ಚಿತೆಯ ಹೊಗೆಯ ಜೊತೆ ಮೇಲೆ ಹೋದವಳು. ಮಣ್ಣಿನಡಿಯಿಂದ ನಾನು ಅಲ್ಲಿಗೆ ಬರುವುದು ಹೇಗೆ?

ಹೊಸ ಅಂಗಿಯನ್ನು ಒಲೆಯ ಮೇಲೆ ಹೊಗೆಗೆ ತೂಗುಹಾಕಿದ್ದೇನೆ. ಹೂಳುವಾಗ ನನಗೆ ಇದನ್ನೇ ತೊಡಿಸಲಿ. ವಾಸನೆ ಹಿಡಿದಾದರೂ ನೀನು ನನ್ನನ್ನು...